ಹುಲ್ಲಿನ ರಾಶಿಯ ಬಿಳಿ ಮೊಟ್ಟೆಗಳು

ಅತ್ತೆ ಆಸ್ಪತ್ರೆಯ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತು ತಲೆ ಬಾಚಿಕೊಳ್ಳುತ್ತಿದ್ದರು. ಹಿಂದಿನ ದಿನವಿಡೀ ವಾಂತಿ, ಭೇದಿ ಅಂತ ಹಿಂಡಿ ಹಿಪ್ಪೆಯಾಗಿದ್ದ ಹೆಂಗಸು ಇವರೇನಾ ಅನ್ನುವ ಹಾಗಿತ್ತು ಮುಖದ ಕಳೆ. ಪಕ್ಕದಲ್ಲಿ ನನ್ನ ಗಂಡ ಆಗಲೇ ಬ್ಯಾಗು ತುಂಬಿಸಿ, ಜಿಪ್ ಎಳೆದು, ಬಾಗಿಲ ಕಡೆ ಮುಖ ಮಾಡಿ ನಿಂತಿದ್ದರು. ಅವರು ಲಿಫ್ಟ್ ರಿಪೇರಿ ಮಾಡುವವರು. ಯಾವುದಾದರೂ ಒಂದು ಕಡೆ ಹೆಚ್ಚು ಹೊತ್ತು ನಿಲ್ಲುವುದೆಂದರೆ ಅವರಿಗಾಗದು.

"ಬಂದ್ಯಾ? ಸರಿ, ಹೊರಡೋಣ. ಶೆಡ್ಡಲ್ಲಿ ನಿನ್ನೆಯಿಂದ ಒಂದು ತೊಟ್ಟು ನೀರು ಚಿಮುಕಿಸಿಲ್ಲ ಯಾರೂ," ಅಂದರು ಅತ್ತೆ.

ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ ನಾನು ಆ ಬೆಳಿಗ್ಗೆ ತಾನೇ ಬಂದಿಳಿದಿದ್ದೆ. ಫೋನಿನಲ್ಲಿ ನನಗೆ ಸಿಕ್ಕಿದ್ದ ಸುದ್ದಿ ಇಷ್ಟೇ: ಅಮ್ಮ ಹಳಸಿದ್ದೇನೋ ತಿಂದಿದ್ದಾರೆ, ಡ್ರಿಪ್ ಹಾಕಿದ್ದಾರೆ, ಗಾಬರಿ ಬೇಡ. ಗಾಬರಿ ನನಗಿರಲಿಲ್ಲ. ಆದರೆ ಆ ಮಾತು ನಂಬಲು ಮನಸ್ಸು ಒಪ್ಪುತ್ತಿರಲಿಲ್ಲ. ನಮ್ಮತ್ತೆ ಹಳಸಿದ್ದು ತಿನ್ನುವುದೆ? ಬೆಳಿಗ್ಗೆ ಮಾಡಿದ ಪಲ್ಯವನ್ನು ಸಂಜೆ ಮೂರು ಸಲ ಮೂಸಿ, ನನಗೂ ಮೂಸಿಸಿ, ಆಮೇಲೂ ಮುಖ ಸಿಂಡರಿಸಿಕೊಂಡು ಚೆಲ್ಲುವವರು ಅವರು.

"ಯಾವಾಗ ತಿಂದಿದ್ರಿ ಅತ್ತೆ?"

"ಮೊನ್ನೆ ಮಧ್ಯಾಹ್ನ."

"ವಾಂತಿ ಶುರುವಾಗಿದ್ದು?"

"ನಿನ್ನೆ ಬೆಳಗಿನ ಜಾವ. ಯಾಕೆ, ನೀನೂ ಡಾಕ್ಟರಾಗ್ಬಿಟ್ಟೆಯಾ?"

ಕೆಟ್ಟ ಊಟ ಸಾಮಾನ್ಯವಾಗಿ ಇಷ್ಟು ಹೊತ್ತು ಸುಮ್ಮನೆ ಕೂರುವುದಿಲ್ಲ. ಎರಡು ಮೂರು ಗಂಟೆಯೊಳಗೇ ತಾನು ಕೆಟ್ಟಿದ್ದೇನೆಂದು ತಿಳಿಸುತ್ತದೆ. ಮಧ್ಯಾಹ್ನ ತಿಂದದ್ದು ರಾತ್ರಿಯೆಲ್ಲ ಸದ್ದಿಲ್ಲದೆ ಇದ್ದು ಬೆಳಗಿನ ಜಾವ ಎಬ್ಬಿಸಿತೆಂದರೆ ಅದರ ಜಾತಿಯೇ ಬೇರೆ. ಆ ಜಾತಿಯ ಹೆಸರು ನನಗೆ ಗೊತ್ತಿತ್ತು, ಯಾಕೆಂದರೆ ಅದರ ಒಂದು ಪುಟ್ಟ ಸೀಸೆ ನಮ್ಮ ಲ್ಯಾಬಿನ ಫ್ರೀಜರಿನಲ್ಲಿ ಬೀಗದೊಳಗಿದೆ.

ನನ್ನ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಗಾಜಿನ ಬಟ್ಟಲುಗಳಲ್ಲಿ ಯಕೃತ್ತಿನ ಜೀವಕೋಶಗಳನ್ನು ಬೆಳೆಸಿ, ಅವಕ್ಕೆ ವಿಷ ಉಣಿಸಿ, ಗಿಡಮೂಲಿಕೆಗಳಿಂದ ತೆಗೆದ ಸಾರಗಳಲ್ಲಿ ಯಾವುದು ಅವನ್ನು ಉಳಿಸುತ್ತದೆ ಎಂದು ನೋಡುವುದು. ಅತ್ತೆ ಬಂದವರಿಗೆಲ್ಲ "ನನ್ನ ಸೊಸೆ ಲಿವರ್ ಸಾಕ್ತಾಳೆ" ಅನ್ನುತ್ತಿದ್ದರು, ಕೋಳಿ ಸಾಕುತ್ತಾಳೆ ಅನ್ನುವ ಧಾಟಿಯಲ್ಲಿ. "ವಿಷ ಹಾಕೋದೂ ಇವಳೇ, ಬದುಕಿಸೋದೂ ಇವಳೇ. ಸಂಬಳ ಕೊಡೋರಿಗೆ ಬೇರೆ ಕೆಲಸ ಇಲ್ಲ." ಅವರೋ ಅಣಬೆ ಬೆಳೆಯುವವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಭತ್ತದ ಹುಲ್ಲಿನ ಮೆದೆ ಕಟ್ಟಿ, ಅಣಬೆ ಮೊಟ್ಟೆಯಾಕಾರದಲ್ಲಿ ಇರುವಾಗಲೇ ಕಿತ್ತು ಮಾರುತ್ತಾರೆ. ಗಂಡ ತೀರಿಕೊಂಡ ಮೇಲೆ ಮಗನನ್ನು ಸಾಕಿದ್ದು ಆ ಶೆಡ್ಡು.

"ಅತ್ತೆ, ಅಣಬೆ ತಿಂದ್ರಾ?"

"ಇಲ್ಲ ಅಂದೆನಲ್ಲ! ಬದನೆಕಾಯಿ. ಹಳಸಿತ್ತು."

ಇಲ್ಲ ಅಂತ ಅವರು ಮೊದಲು ಅಂದೇ ಇರಲಿಲ್ಲ. ಬಾಚಣಿಗೆ ಕೂದಲಲ್ಲೇ ನಿಂತಿತ್ತು. ನಾನು ಸೀದಾ ಡಾಕ್ಟರ ಬಳಿ ಹೋದೆ. ಬಿಡುಗಡೆ ಮಾಡುವ ಮುಂಚೆ ಲಿವರ್ ಪರೀಕ್ಷೆಗೆ ರಕ್ತ ಕಳಿಸಿ, ದಯವಿಟ್ಟು, ಅಂದೆ. ಅವರು ನಿದ್ದೆಗೆಟ್ಟ ಕಣ್ಣುಗಳ ಚಿಕ್ಕ ವಯಸ್ಸಿನವರು. ಯಾಕೆ ಎಂದು ಕೇಳಿದರು, ಹೇಳಿದೆ, ವಾದಿಸದೆ ಸೂಜಿ ತರಿಸಿದರು. ವಾದಿಸಿದ್ದು ನನ್ನ ಗಂಡ.

"ಅಮ್ಮ ಆರಾಮಾಗಿದ್ದಾರೆ, ಕಣ್ಣಿಗೆ ಕಾಣಲ್ವಾ? ನಿನ್ನ ಲ್ಯಾಬನ್ನ ಇಲ್ಲಿಗೂ ತರಬೇಡ."

"ಆರಾಮಾಗಿರೋದೇ ನನಗೆ ಭಯ ರೀ."

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. ರಿಪೋರ್ಟು ಬರುವುದರೊಳಗೆ ಬರುತ್ತೇನೆಂದು ಆಟೊ ಹತ್ತಿ ಮನೆಗೆ ಹೋದೆ.

ಶೆಡ್ಡಿನ ಬಾಗಿಲು ತೆಗೆದರೆ ಒದ್ದೆ ಹುಲ್ಲಿನ ಬಿಸಿ ವಾಸನೆ. ಒಂದೊಂದೇ ಮೆದೆಯನ್ನು ಬಗ್ಗಿ ನೋಡಿದೆ. ಎಲ್ಲವೂ ಇನ್ನೂ ಬಿಳಿ ನೂಲು ಹರಡುವ ಹಂತದಲ್ಲಿದ್ದವು. ಒಂದು ಗುಂಡುಸೂಜಿ ತಲೆಯಷ್ಟು ಮೊಗ್ಗೂ ಮೂಡಿರಲಿಲ್ಲ. ಆ ವಾರ ಈ ಶೆಡ್ಡಿನಿಂದ ಯಾರೂ ಅಣಬೆ ಕಿತ್ತಿರಲು ಸಾಧ್ಯವೇ ಇರಲಿಲ್ಲ. ಒಂದು ಕ್ಷಣ ಸಮಾಧಾನವಾಯಿತು. ಹಾಗಾದರೆ ಬದನೆಕಾಯಿಯೇ ಇರಬಹುದು, ನನ್ನ ತಲೆಗೇ ಹುಳ ಹೊಕ್ಕಿರಬಹುದು.

ಆಮೇಲೆ ಶೆಡ್ಡಿನ ಹಿಂದಕ್ಕೆ ಹೋದೆ. ಬೆಳೆ ಮುಗಿದ ಹಳೆ ಹುಲ್ಲನ್ನು ಅತ್ತೆ ಅಲ್ಲಿ ಮರದ ಬುಡಕ್ಕೆ ರಾಶಿ ಹಾಕುತ್ತಾರೆ. ಒಮ್ಮೊಮ್ಮೆ ಆ ರಾಶಿಯಲ್ಲೂ ಅಳಿದುಳಿದ ಬೀಜದಿಂದ ನಾಲ್ಕು ಅಣಬೆ ಏಳುವುದುಂಟು. ಅವನ್ನು ಮಾರುವುದಿಲ್ಲ, ಮನೆಗೇ. ರಾಶಿಯ ಅಂಚಿನಲ್ಲಿ, ಮರದ ಬೇರು ಮೇಲೆದ್ದ ಕಡೆ, ಚಾಕುವಿನಿಂದ ಕೊಯ್ದ ಬುಡಗಳಿದ್ದವು. ಕೊಯ್ಯುವಾಗ ಕಣ್ತಪ್ಪಿ ಉಳಿದಿದ್ದ ಒಂದೇ ಒಂದು ಅಣಬೆ ಈ ಎರಡು ದಿನದಲ್ಲಿ ಪೂರ್ತಿ ಅರಳಿ ನಿಂತಿತ್ತು. ಹಾಲಿನಷ್ಟು ಬಿಳಿ, ನೋಡಲು ಬಲು ಚೆಂದ. ಬುಡದಲ್ಲಿ ಒಡೆದ ಮೊಟ್ಟೆಯಂಥ ಚೀಲ. ಅದು ನಮ್ಮ ಅಣಬೆಗೂ ಇರುತ್ತದೆ, ಮೋಸವಾಗುವುದೇ ಅಲ್ಲಿ. ಆದರೆ ಕೊಡೆಯ ಅಡಿ ಪದರಗಳು ಅಚ್ಚ ಬಿಳಿ. ನಮ್ಮವು ಅರಳಿದರೆ ಒಳಗೆ ಗುಲಾಬಿಗೆ ತಿರುಗುತ್ತವೆ. ದಂಟಿನ ಮೇಲ್ಭಾಗದಲ್ಲಿ ತೆಳ್ಳಗಿನ ಪೊರೆಯ ಉಂಗುರ. ನಮ್ಮವಕ್ಕೆ ಉಂಗುರ ಇರುವುದೇ ಇಲ್ಲ.

ಅಣಬೆಯ ಗಂಧಗಾಳಿ ಗೊತ್ತಿಲ್ಲದವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಕಾಡಣಬೆಯನ್ನು ಅತ್ತೆಯೂ ಮುಟ್ಟುವವರಲ್ಲ. ಆದರೆ ತಾವು ಹಾಕಿದ ರಾಶಿ, ತಾವು ಬಿತ್ತಿದ ಬೀಜ, ತಮಗೆ ಅಂಗೈ ಗೆರೆಯಷ್ಟು ಪರಿಚಯವಾದ ಮೊಟ್ಟೆಯ ಆಕಾರ! ಬಣ್ಣ ಮಾತ್ರ ಸ್ವಲ್ಪ ಬಿಳಿ. ನೆರಳಲ್ಲಿ ಬೆಳೆದ ಮೊಟ್ಟೆ ಬಿಳಿಚಿಕೊಳ್ಳುತ್ತದೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಅವರ ಕಣ್ಣಿಗೆ ಮಣ್ಣೆರಚಿತು.

ಟಿಫಿನ್ ಡಬ್ಬಿಯಲ್ಲಿ ಅಣಬೆಯನ್ನು ಬುಡಸಮೇತ ಎತ್ತಿಕೊಂಡು ಓಡಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೇ ಡಾಕ್ಟರು ಎದುರಾದರು. ಅವರ ಕೈಯಲ್ಲಿ ರಿಪೋರ್ಟು. ನಲವತ್ತರ ಒಳಗಿರಬೇಕಾದ ಅಂಕಿ ಸಾವಿರ ದಾಟಿತ್ತು.

ನಾನು ಮಂಚದ ಪಕ್ಕ ನಿಂತು ಡಬ್ಬಿಯ ಮುಚ್ಚಳ ತೆಗೆದೆ. ಅತ್ತೆ ಒಳಗೆ ನೋಡಿದರು. ಆ ನೋಟವನ್ನು ನಾನು ಮರೆಯಲಾರೆ. ಮೊದಲು ದಂಟಿನ ಉಂಗುರ ನೋಡಿದರು, ಕೊಡೆಯನ್ನು ಬೆರಳಿಂದ ಎತ್ತಿ ಅಡಿಯ ಬಿಳಿ ನೋಡಿದರು, ಆಮೇಲೆ ಕೈಯನ್ನು ಸೀರೆಗೆ ಒರೆಸಿಕೊಂಡರು, ಒರೆಸುತ್ತಲೇ ಇದ್ದರು.

"ಮುಚ್ಚೇ ಅದನ್ನ."

"ಡಾಕ್ಟರಿಗೆ ಹೇಳಿ ಅತ್ತೆ."

"ಬೋಣಿಗೆ ಗೊತ್ತಾಗಬಾರದು. ಆಣೆ ಹಾಕು."

ಬೋಣಿ ಅಣ್ಣ ನಮ್ಮ ಅಣಬೆ ಕೊಳ್ಳುವ ತರಕಾರಿ ಅಂಗಡಿಯವರು. ಬೆಳಗಿನ ಮೊದಲ ವ್ಯಾಪಾರ ಅತ್ತೆಯ ಅಣಬೆಯದೇ ಆಗಬೇಕೆಂದು ಹಟ ಹಿಡಿಯುವುದರಿಂದ ಆ ಹೆಸರು. ಯಾರೂ ಶೆಡ್ಡಿನ ಅಣಬೆ ಮೂಸದ ಕಾಲದಲ್ಲಿ, "ತಿಂದು ನೋಡಿ, ಏನಾದ್ರೂ ಆದ್ರೆ ನನ್ನ ಕೊರಳಪಟ್ಟಿ ಹಿಡೀರಿ" ಎಂದು ಗಿರಾಕಿಗಳಿಗೆ ಹೊಣೆ ನಿಂತವರು. ಅಣಬೆಯವಳೇ ಅಣಬೆ ತಿಂದು ಆಸ್ಪತ್ರೆ ಸೇರಿದಳು ಎಂಬ ಸುದ್ದಿ ಆ ಬೀದಿಗೆ ತಲುಪಿದರೆ ಮರುದಿನದಿಂದ ಶೆಡ್ಡಿಗೆ ಬೀಗ. ಅತ್ತೆ ಬದನೆಕಾಯಿಯ ಮೇಲೆ ತಪ್ಪು ಹೊರಿಸಿದ್ದು ಅದಕ್ಕೇ. ನನಗೆ ಸಿಟ್ಟು ನೆತ್ತಿಗೇರಿತು. ಪ್ರಾಣ ಹೋಗುತ್ತಿರುವಾಗ ಅಂಗಡಿಯ ಚಿಂತೆ!

"ಆಣೆಗೀಣೆ ಆಮೇಲೆ. ಮೊದಲು ಬಾಯಿ ಬಿಡಿ."

ಬಿಟ್ಟರು. ಡಾಕ್ಟರು ಎಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದರು, "ಬೇರೆ ಯಾರಾದ್ರೂ ತಿಂದ್ರಾ ಅಮ್ಮಾ?"

"ಯಾರೂ ಇಲ್ಲ," ಅಂದರು ಅತ್ತೆ. ನನ್ನ ಗಂಡ ಅಣಬೆ ಕಂಡರೆ ಮಾರು ದೂರ. ಹುಟ್ಟಿದಾಗಿನಿಂದ ಅದನ್ನೇ ತಿಂದು ಬೇಸತ್ತವರು. ಹಾಗಾಗಿ ನಾನು ನಂಬಿದೆ.

ಇದಕ್ಕೆ ಬೇಕಾದ ಮದ್ದು ಒಂದು ಗಿಡದಿಂದಲೇ ಬರುತ್ತದೆ. ಮುಳ್ಳು ಮುಳ್ಳಾದ ಕಳೆಗಿಡ, ನೇರಳೆ ಹೂ, ಎಲೆಯ ಮೇಲೆ ಹಾಲು ಚೆಲ್ಲಿದಂಥ ಬಿಳಿ ಗೆರೆಗಳು. ಅದರ ಬೀಜದಿಂದ ತೆಗೆದು ಶುದ್ಧ ಮಾಡಿದ ಸಿಲಿಬಿನಿನ್ ಎಂಬ ವಸ್ತುವನ್ನು ರಕ್ತನಾಳಕ್ಕೆ ಕೊಡಬೇಕು. ಆ ಆಸ್ಪತ್ರೆಯಲ್ಲಿ ಅದು ಇರಲಿಲ್ಲ. ಡಾಕ್ಟರು ಫೋನಿನ ಮೇಲೆ ಫೋನು ಮಾಡಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಇದೆಯೆಂದು ಪತ್ತೆ ಮಾಡಿದರು. ಕಾರಿನಲ್ಲಿ ಬರಲು ಮಧ್ಯಾಹ್ನ ಕಳೆಯುತ್ತದೆ. ಅಲ್ಲಿಯವರೆಗೆ ಇದ್ದಬದ್ದ ಬೇರೆ ಔಷಧಿಗಳನ್ನು ಶುರು ಮಾಡಿದರು.

ನನ್ನ ಗಂಡ ನನ್ನನ್ನು ಕಾರಿಡಾರಿಗೆ ಎಳೆದುಕೊಂಡು ಹೋದರು.

"ಅದು ನಿನ್ನ ಲ್ಯಾಬಲ್ಲಿದೆ ಅಲ್ವಾ? ಹಳದಿ ಪುಡಿ, ನೀನೇ ತೋರಿಸಿದ್ದೆ. ಹೋಗಿ ತಗೊಂಡ್ಬಾ."

"ಅದು ಬಟ್ಟಲಿನ ಕೋಶಗಳಿಗೆ ಇರೋದು ರೀ. ಮನುಷ್ಯರ ರಕ್ತಕ್ಕೆ ಹಾಕೋ ಹಾಗಿಲ್ಲ."

"ಕೋಶ ಬದುಕಿದ್ವು ಅಂತ ಕುಣಿದಾಡಿದ್ಯಲ್ಲ! ಅಮ್ಮನ ಹೊಟ್ಟೆಯೊಳಗಿರೋದು ಕೋಶ ಅಲ್ವಾ?"

"ಕುದಿಸಿ ಸೋಸಿದ ನೀರಲ್ಲಿ ಕರಗಿಸಿದ್ರೆ ಇಂಜೆಕ್ಷನ್ ಆಗಲ್ಲ! ಅದರಲ್ಲಿರೋ ಕೊಳೆ ಸಂಜೆಯೊಳಗೆ ಅವರನ್ನ ಮುಗಿಸುತ್ತೆ. ನೀವೇನು, ನಾನು ಬೇಕಂತ ಬಚ್ಚಿಟ್ಟುಕೊಂಡಿದ್ದೀನಿ ಅಂದ್ಕೊಂಡ್ರಾ?"

ಕೂಗಿದ್ದು ನಾನೇ ಎಂದು ಆಮೇಲೆ ತಿಳಿಯಿತು. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅವರಿಗೆ ಹೇಳದೆ ನುಂಗಿಕೊಂಡ ಮಾತು ಇನ್ನೊಂದಿತ್ತು. ನನ್ನ ಬಟ್ಟಲುಗಳಲ್ಲಿ ನಾನು ಯಾವಾಗಲೂ ಮೊದಲು ಮದ್ದು ಹಾಕುತ್ತೇನೆ, ಆಮೇಲೆ ವಿಷ. ಲ್ಯಾಬಿನ ಗೋಡೆಗೆ ಅಂಟಿಸಿಕೊಂಡಿರುವ ನನ್ನ ಚೆಂದದ ಚಿತ್ರಗಳೆಲ್ಲ ಹಾಗೆ ಬಂದವು. ಮದ್ದು ಕುಡಿದು ಕಾದು ಕೂತು ಆಮೇಲೆ ವಿಷ ತಿನ್ನುವ ಮನುಷ್ಯ ಎಲ್ಲಿದ್ದಾನೆ? ಒಂದೆರಡು ಸಲ ಕ್ರಮ ಹಿಂದುಮುಂದು ಮಾಡಿ ನೋಡಿದ್ದೆ. ಬೇಗ ಕೊಟ್ಟಾಗ ಅರ್ಧಕ್ಕರ್ಧ ಉಳಿದಿದ್ದವು. ತಡವಾದಾಗ ಬಟ್ಟಲಿನ ತುಂಬ ಸತ್ತ ಕೋಶಗಳು ತೇಲುತ್ತಿದ್ದವು. ಆ ಚಿತ್ರಗಳನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ. ಅಂದು ಆ ಕಾರಿಡಾರಿನಲ್ಲಿ ನನಗೆ ಕಾಣುತ್ತಿದ್ದದ್ದು ಅವು ಮಾತ್ರ. ನನಗೆ ವಿಪರೀತ ಹೆದರಿಕೆಯಾಗಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸೀಸೆಗಳು ಬಂದವು. ಒಬ್ಬರಿಗೆ ಆಗುವಷ್ಟು, ನಾಳೆ ಇನ್ನಷ್ಟು ಕಳಿಸುತ್ತೇವೆ ಎಂದಿದ್ದರು. ತೆಳು ಹಳದಿ ದ್ರವ ಅತ್ತೆಯ ಕೈಗೆ ಇಳಿಯತೊಡಗಿತು. ಅವರು ಅದನ್ನೇ ನೋಡುತ್ತಿದ್ದರು.

"ಇದು ಏನು ಮಾಡುತ್ತೆ? ನನಗೆ ತಿಳಿಯೋ ಹಾಗೆ ಹೇಳು."

"ಲಿವರ್ ಕೋಶಕ್ಕೆ ಬಾಗಿಲಿರುತ್ತೆ ಅಂದ್ಕೊಳ್ಳಿ. ವಿಷ ಒಳಗೆ ನುಗ್ಗೋದು ಅಲ್ಲಿಂದ. ಇದು ಹೋಗಿ ಬಾಗಿಲಿಗೆ ಅಡ್ಡ ನಿಲ್ಲುತ್ತೆ."

"ಈಗಾಗಲೇ ನುಗ್ಗಿರೋದು?"

"ನುಗ್ಗಿದ್ದು ನುಗ್ಗಿತು. ಆದ್ರೆ ಈ ವಿಷ ಒಂದೇ ಸಲಕ್ಕೆ ಬಿಡಲ್ಲ ಅತ್ತೆ. ಪಿತ್ತದ ಜೊತೆ ಕರುಳಿಗೆ ಇಳಿಯುತ್ತೆ, ಕರುಳಿಂದ ರಕ್ತಕ್ಕೆ, ರಕ್ತದಿಂದ ಮತ್ತೆ ಲಿವರ್‌ಗೆ. ಸುತ್ತುತ್ತಾನೇ ಇರುತ್ತೆ. ಪ್ರತಿ ಸುತ್ತಿಗೂ ಒಂದಿಷ್ಟು ಕೋಶ ತಿನ್ನುತ್ತೆ. ಅದಕ್ಕೇ ಬೇಗ ಕೊಟ್ಟಷ್ಟೂ ಒಳ್ಳೇದು."

"ಮತ್ತೆ ಬೆಳಿಗ್ಗೆ ನಾನು ಅಷ್ಟು ಆರಾಮಾಗಿದ್ದೆನಲ್ಲ?"

"ಅದೇ ಇದರ ಮೋಸ. ವಾಂತಿ ನಿಲ್ಲುತ್ತೆ, ಹಸಿವೂ ಆಗುತ್ತೆ. ಜನ ಎದ್ದು ಮನೆಗೆ ಹೋಗ್ತಾರೆ. ಎರಡು ದಿನ ಬಿಟ್ಟು ಕಣ್ಣು ಹಳದಿ ಮಾಡ್ಕೊಂಡು ವಾಪಸ್ ಬರ್ತಾರೆ. ಆಗ ಯಾವ ಮದ್ದೂ ಕೇಳಲ್ಲ."

"ಎಲ್ಲರಿಗೂ ಹೀಗೇನಾ?"

"ತಿಂದೋರಿಗೆಲ್ಲ."

ಅತ್ತೆ ಗೋಡೆ ಕಡೆ ಮುಖ ತಿರುಗಿಸಿದರು. ತಮ್ಮ ಬಗ್ಗೆ ಹೆದರಿಕೊಂಡಿದ್ದಾರೆ ಎಂದುಕೊಂಡು ನಾನು ಅವರ ಪಾದ ಒತ್ತುತ್ತಾ ಕೂತೆ.

ಬಾಗಿಲಲ್ಲಿ ದೊಡ್ಡ ಗಂಟಲು ಕೇಳಿಸಿದ್ದು ಆಗ. "ಏನಕ್ಕಾ, ಬದನೆಕಾಯಿಗೆ ಸೋತುಬಿಟ್ಯಾ?" ಬೋಣಿ ಅಣ್ಣ. ಒಂದು ಕೈಲಿ ಕಿತ್ತಳೆ ಹಣ್ಣಿನ ಚೀಲ, ಇನ್ನೊಂದು ಕೈಲಿ ಕರವಸ್ತ್ರ. ಕುರ್ಚಿ ಎಳೆದುಕೊಂಡು ಕೂತು, ರೋಗಿಗೆಂದು ತಂದ ಹಣ್ಣನ್ನು ತಾವೇ ಸುಲಿದು ಬಾಯಿಗೆ ಹಾಕಿಕೊಂಡರು. ನಾನು ಡಬ್ಬಿಯನ್ನು ಕಾಲಿನಿಂದ ಮಂಚದಡಿಗೆ ತಳ್ಳಿದೆ.

"ಮುಖ ಯಾಕಕ್ಕಾ ಹಿಂಗೆ ಸಪ್ಪಗೆ? ಎರಡು ದಿನದ ಬಾಬತ್ತು ಇದು. ನನ್ನ ನೋಡು. ನನಗೂ ನಿನ್ನೆ ಹೊಟ್ಟೆ ಕೆಟ್ಟು, ಅಂಗಡಿ ಬಿಟ್ಟು ಹಿತ್ತಲು, ಹಿತ್ತಲು ಬಿಟ್ಟು ಅಂಗಡಿ. ಫೋನಲ್ಲಿ ಹೇಳಿದ್ನಲ್ಲ? ಇವತ್ತು ಕಲ್ಲು ತಿಂದ್ರೂ ಅರಗುತ್ತೆ!"

ನಾನು ಅತ್ತೆಯ ಪಾದ ಒತ್ತುವುದನ್ನು ನಿಲ್ಲಿಸಿದೆ. ಅತ್ತೆ ನನ್ನತ್ತ ನೋಡಲಿಲ್ಲ. ಬೋಣಿ ಅಣ್ಣ ಇನ್ನೊಂದು ತೊಳೆ ಬಾಯಿಗಿಟ್ಟು ಎದ್ದರು. "ಸರಿ, ಗಾಡಿ ಬರುತ್ತೆ, ಸರಕು ಇಳಿಸ್ಬೇಕು. ನೀನು ಮಲಕ್ಕೋ."

ಅವರು ಬಾಗಿಲವರೆಗೆ ಹೋದರು. ನಾನು ಬಾಯಿ ತೆರೆದೆ, ಆದರೆ ಅಷ್ಟರಲ್ಲಿ ಅತ್ತೆ ಎದ್ದು ಕೂತಿದ್ದರು. ಡ್ರಿಪ್ಪಿನ ಕಂಬ ಎಳೆದಾಡಿ ಗೋಡೆಗೆ ಬಡಿಯಿತು.

"ಬೋಣೀ! ನಿಲ್ಲೋ! ಹೆಜ್ಜೆ ಮುಂದಿಡಬೇಡ!"

ಇಡೀ ವಾರ್ಡು ತಿರುಗಿ ನೋಡಿತು.

"ಮೊನ್ನೆ ನಿನಗೆ ಒಂದು ಹಿಡಿ ಕೊಟ್ಟೆನಲ್ಲ, ಮನೆಗೆ ಅಂತ, ಅದು ನಮ್ಮ ಅಣಬೆ ಅಲ್ಲ ಕಣೋ. ವಿಷದ್ದು. ನಾನು ತಿಂದಿದ್ದೂ ಅದೇ. ಬದನೆಕಾಯಿ ಅಲ್ಲ, ಸುಳ್ಳು ಹೇಳ್ದೆ. ನೀನು ಆರಾಮಾಗಿಲ್ಲ. ಹಾಗೆ ಅನ್ಸುತ್ತೆ ಅಷ್ಟೇ. ಇವಳನ್ನ ಕೇಳು. ಸಿಸ್ಟರ್, ಇದನ್ನ ಕಿತ್ತು ಇವನಿಗೆ ಹಾಕಿ. ಒಬ್ಬರಿಗೇ ಆಗೋಷ್ಟು ಇರೋದು, ಇವನಿಗೆ ಹಾಕಿ."

ಅವರು ನಿಜಕ್ಕೂ ಕೈಯ ಸೂಜಿ ಕೀಳಲು ಹೊರಟಿದ್ದರು. ನಾನೂ ನನ್ನ ಗಂಡನೂ ಆಚೆ ಈಚೆ ಹಿಡಿದುಕೊಂಡೆವು. ಬೋಣಿ ಅಣ್ಣ ಬಾಗಿಲಲ್ಲಿ ಕರವಸ್ತ್ರ ಹಿಡಿದುಕೊಂಡು ಮಂಕು ಬಡಿದವರ ಹಾಗೆ ನಿಂತಿದ್ದರು. ಡಾಕ್ಟರು ಓಡಿ ಬಂದು ಅವರನ್ನು ಪಕ್ಕದ ಮಂಚದ ಮೇಲೆ ಕೂರಿಸಿ ರಕ್ತ ತೆಗೆಸಿದರು. "ಯಾರಿಗೆ ಎಷ್ಟು ಅಂತ ನಾನು ನೋಡ್ಕೊಳ್ತೀನಿ ಅಮ್ಮಾ, ನೀವು ಕೈ ತೆಗೀರಿ," ಎಂದು ಅತ್ತೆಗೆ ಗದರಿದರು. ಇಬ್ಬರಿಗೂ ಮೊದಲ ಕಂತಿಗೆ ಸಾಕಾಗುತ್ತದೆ, ಉಳಿದದ್ದನ್ನು ಬೆಳಗಾಗುವುದರೊಳಗೆ ತರಿಸುತ್ತೇನೆ ಅಂದರು. ಬೋಣಿ ಅಣ್ಣನ ಕೈಗೂ ಆ ಹಳದಿ ದ್ರವ ಇಳಿಯತೊಡಗಿದಾಗ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು.

ಆಮೇಲೆ ಬೋಣಿ ಅಣ್ಣ ಮೇಲಿನ ಫ್ಯಾನು ನೋಡುತ್ತಾ ಕೇಳಿದರು, "ಅಕ್ಕಾ, ನಿನ್ನೆ ಹೊಟ್ಟೆ ಕೆಟ್ಟಿದೆ ಅಂದಾಗ್ಲೇ ನಿನಗೆ ಅನುಮಾನ ಬಂತಾ?"

"ಬಂತು."

"ಇವತ್ತು ನಾನು ಬರದೇ ಇದ್ದಿದ್ರೆ?"

ಆ ಜಾಗದಲ್ಲಿ ನಾನಿದ್ದಿದ್ದರೆ ಸುಳ್ಳು ಹೇಳುತ್ತಿದ್ದೆ. ಖಂಡಿತ ಹೇಳಿ ಕಳಿಸ್ತಿದ್ದೆ ಕಣೋ, ಈಗಿನ್ನೂ ಅದೇ ಯೋಚನೆಯಲ್ಲಿದ್ದೆ ಅನ್ನುತ್ತಿದ್ದೆ. ಹೇಳಿಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಗೊತ್ತಿಲ್ಲ ಕಣೋ," ಅಂದರು ಅತ್ತೆ. "ಹೇಳ್ತಿದ್ದೆ ಅನ್ನೋಕೆ ಬಾಯಿ ಬರ್ತಿಲ್ಲ."

ಬೋಣಿ ಅಣ್ಣ ಆಚೆ ಮಗ್ಗುಲಾದರು. ಊಟ ಬೇಕೇ ಎಂದು ನರ್ಸು ಕೇಳಿದಾಗಲೂ ಈಚೆ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಉಳಿದ ಸೀಸೆಗಳು ಬಂದವು. ಅವುಗಳ ಬೆನ್ನಿಗೇ ರಕ್ತದ ರಿಪೋರ್ಟುಗಳೂ ಬಂದವು. ಡಾಕ್ಟರು ಎರಡನ್ನೂ ಓದಿ ನನ್ನ ಕೈಗಿತ್ತು ಫೋನು ಮಾಡಲು ಹೋದರು. ಬೋಣಿ ಅಣ್ಣನ ಹೆಂಡತಿ, ಆ ಅಣಬೆಯನ್ನು ಬಾಯಿಗಿಡದೆ ಉಳಿದವರು, ಮಂಚದ ಕಾಲ್ದೆಸೆಯಲ್ಲಿ ಕೂತಿದ್ದರು. ಅತ್ತೆಯ ಕಡೆ ಒಂದು ಸಲವೂ ನೋಡಿರಲಿಲ್ಲ. ನಾನು ಎರಡು ಮಂಚಗಳ ನಡುವೆ ನಿಂತೆ.

ಬೋಣಿ ಅಣ್ಣ ಮುಖ ತಿರುಗಿಸದೆಯೇ ಹೇಳಿದರು, "ಮೊದಲು ಅಕ್ಕಂದು ಓದಮ್ಮಾ."

ಓದಿದೆ. ಏರುವುದು ನಿಂತು, ಒಂದಿಷ್ಟು ಇಳಿದಿತ್ತು. ನನ್ನ ಗಂಡ ಅಲ್ಲೇ ನೆಲದ ಮೇಲೆ ಕುಸಿದು ಅತ್ತುಬಿಟ್ಟರು. ನಾನೂ ಅಳುತ್ತಿದ್ದೆನೇನೋ, ಆದರೆ ಇನ್ನೊಂದು ಕಾಗದ ಕೈಯಲ್ಲಿತ್ತು. ಅದರಲ್ಲಿನ ಅಂಕಿ ನಿನ್ನೆ ಸಂಜೆಯದಕ್ಕಿಂತ ದುಪ್ಪಟ್ಟಾಗಿತ್ತು. ಅತ್ತೆಗೆ ಬೆಳಿಗ್ಗೆಯಿಂದಲೇ ಒಂದಲ್ಲ ಒಂದು ಮದ್ದು ಸೇರುತ್ತಿತ್ತು, ಅವರಿಗೆ ಸೇರಿದ್ದು ಸಂಜೆ. ನಡುವೆ ಹೋದ ಆ ಹೊತ್ತು ಒಂದು ಮಾತಿನಷ್ಟು, ಹೇಳದೆ ಉಳಿದ ಒಂದೇ ಮಾತಿನಷ್ಟು.

ನಾನು ಓದುವ ಮುಂಚೆಯೇ ಅತ್ತೆ ನನ್ನ ಮುಖದಿಂದ ತಿಳಿದುಕೊಂಡರು. ಮಂಚದಿಂದ ಇಳಿದು, ಡ್ರಿಪ್ಪಿನ ಕಂಬ ಹಿಡಿದುಕೊಂಡು ನಡೆದು ಬಂದು, ಬೋಣಿ ಅಣ್ಣನ ತಲೆದೆಸೆಯಲ್ಲಿ ನೆಲಕ್ಕೆ ಕೂತರು.

"ನಂದೂ ಓದಮ್ಮಾ," ಅಂದರು ಬೋಣಿ ಅಣ್ಣ. ನಾನು ಓದಿದೆ.